ಹಳದಿ ತ್ರಿಕೋನಕ್ಕೆ ಗೊತ್ತಿಲ್ಲದ ವಿಷಯಗಳು

(ಸರ್ವರ್ ನೋಡಿಕೊಳ್ಳುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಿಎಂವೇರ್ ಸರ್ವರ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವಿಸೆಂಟರ್ ತೆರೆದಾಗ ಹೋಸ್ಟ್ (ವರ್ಚುವಲ್ ಯಂತ್ರಗಳನ್ನು, ಅಂದರೆ ವಿಎಂಗಳನ್ನು, ಓಡಿಸುವ ಸರ್ವರ್) ಹೆಸರಿನ ಪಕ್ಕ ಹಳದಿ ತ್ರಿಕೋನ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಸಮ್ಮರಿ ಪುಟಕ್ಕೆ ಹೋದರೆ ಒಂದು ಸಾಲು ಸಿಗುತ್ತದೆ: ಈ ಹೋಸ್ಟ್‌ಗೆ ಸದ್ಯ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ರಿಡಂಡೆನ್ಸಿ ಇಲ್ಲ. ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಅಂದರೆ ಹೋಸ್ಟನ್ನು ನೋಡಿಕೊಳ್ಳಲು ಬಳಸುವ ಜಾಲ, ರಿಡಂಡೆನ್ಸಿ ಅಂದರೆ ಒಂದು ದಾರಿ ಕೆಟ್ಟರೆ ನೆರವಿಗೆ ಇರುವ ಇನ್ನೊಂದು ದಾರಿ. ಇನ್ನೊಂದು ಸಾಲೂ ನಿಮಗೆ ಪರಿಚಯ ಇರುತ್ತದೆ. ಅದು ಅಲಾರಂ ಪಟ್ಟಿಯಲ್ಲಿ ಬರುತ್ತದೆ: ನೆಟ್‌ವರ್ಕ್ ಅಪ್‌ಲಿಂಕ್ ರಿಡಂಡೆನ್ಸಿ ಲಾಸ್ಟ್. ಅಪ್‌ಲಿಂಕ್ ಅಂದರೆ ಹೋಸ್ಟ್‌ನಿಂದ ಸ್ವಿಚ್‌ಗೆ ಹೋಗುವ ಕೊಂಡಿ. ಎರಡರಲ್ಲೂ ರಿಡಂಡೆನ್ಸಿ ಅಂತ ಇದೆ, ಹಾಗಾಗಿ ಬಹಳ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಅಲ್ಲ. ಮೊದಲನೆಯದು ಹೇಳುವುದು ‘ನಿನಗೆ ಎರಡನೇ ದಾರಿ ಇಲ್ಲವೇ ಇಲ್ಲ’ ಅಂತ. ಅದು ಜೋಡಣೆಯ ಸ್ಥಿತಿ, ಹೋದ ವರ್ಷವೂ ಹಾಗೇ ಇದ್ದಿರಬಹುದು. ಎರಡನೆಯದು ಹೇಳುವುದು ‘ಇತ್ತು, ಈಗ ಹೋಯಿತು’ ಅಂತ. ಅದು ಒಂದು ಘಟನೆ. ಅದಕ್ಕೆ ಗಂಟೆ ನಿಮಿಷ ಇದೆ, ಕಾರಣ ಇದೆ. ಮೊದಲನೆಯದನ್ನು ಈ ವಾರ ಬಿಡುವಾದಾಗ ಸರಿಮಾಡಬಹುದು. ಎರಡನೆಯದನ್ನು ಈಗಲೇ ನೋಡಬೇಕು.

ಮೊದಲನೆಯದರಿಂದ ಶುರು ಮಾಡೋಣ. ಈ ಎಚ್ಚರಿಕೆ ಕೊಡುವುದು ವಿಸ್ಫಿಯರ್ ಎಚ್‌ಎ, ಅಂದರೆ ಒಂದು ಹೋಸ್ಟ್ ಬಿದ್ದರೆ ಅದರ ವಿಎಂಗಳನ್ನು ಬೇರೆ ಹೋಸ್ಟ್‌ನಲ್ಲಿ ಶುರು ಮಾಡುವ ವ್ಯವಸ್ಥೆ. ಕ್ಲಸ್ಟರ್‌ನಲ್ಲಿ (ಒಟ್ಟಾಗಿ ಕೆಲಸ ಮಾಡುವ ಹೋಸ್ಟ್‌ಗಳ ಗುಂಪಿನಲ್ಲಿ) ಎಚ್‌ಎ ಆನ್ ಇಲ್ಲದಿದ್ದರೆ ಒಂದೇ ಕೇಬಲ್ ಇದ್ದರೂ ಯಾರೂ ಕೇಳುವುದಿಲ್ಲ. ಎಚ್‌ಎಗೆ ಏಕೆ ಇಷ್ಟು ಕಾಳಜಿ? ಹೋಸ್ಟ್‌ಗಳು ಒಂದಕ್ಕೊಂದು ಪ್ರತಿ ಸೆಕೆಂಡಿಗೂ ಹಾರ್ಟ್‌ಬೀಟ್, ಅಂದರೆ ‘ನಾನು ಬದುಕಿದ್ದೇನೆ’ ಅನ್ನುವ ಸಂದೇಶ, ಕಳಿಸುತ್ತಿರುತ್ತವೆ. ಅದು ಹೋಗುವುದು ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಮೇಲೆ. ಆ ಒಂದು ಕೇಬಲ್ ಸಡಿಲ ಆಯಿತು ಅನ್ನಿ. ಹೋಸ್ಟ್‌ಗೆ ಬೇರೆ ಹೋಸ್ಟ್‌ಗಳ ಸದ್ದೇ ಕೇಳುವುದಿಲ್ಲ. ಆಗ ಅದು ತನ್ನ ಐಸೊಲೇಶನ್ ವಿಳಾಸಕ್ಕೆ ಪಿಂಗ್ ಮಾಡುತ್ತದೆ. ಬೇರೆ ಏನೂ ಹೇಳದಿದ್ದರೆ ಆ ವಿಳಾಸ ಅಂದರೆ ಡಿಫಾಲ್ಟ್ ಗೇಟ್‌ವೇ, ಆ ಜಾಲದಿಂದ ಹೊರಗೆ ಹೋಗುವ ಬಾಗಿಲು. ಉತ್ತರ ಬರದಿದ್ದರೆ ‘ನಾನು ಒಂಟಿಯಾಗಿದ್ದೇನೆ’ ಅಂತ ತಾನೇ ಘೋಷಿಸಿಕೊಳ್ಳುತ್ತದೆ.

ಈಗ ಸ್ವಲ್ಪ ಯೋಚಿಸಿ. ವಿಎಂಗಳ ನೆಟ್‌ವರ್ಕ್ ಬೇರೆ ಕಾರ್ಡ್ ಮೇಲೆ ಚೆನ್ನಾಗಿಯೇ ಓಡುತ್ತಿದೆ. ಸ್ಟೋರೇಜ್ ಸರಿಯಾಗಿದೆ. ಬಳಕೆದಾರರಿಗೆ ಏನೂ ಗೊತ್ತಾಗಿಲ್ಲ. ಆದರೆ ಯಾರೋ ಐಸೊಲೇಶನ್ ರೆಸ್ಪಾನ್ಸನ್ನು ‘ಪವರ್ ಆಫ್ ಮಾಡಿ ಬೇರೆ ಕಡೆ ಶುರು ಮಾಡು’ ಅಂತ ಇಟ್ಟಿದ್ದಾರೆ. ಆಗ ಆರೋಗ್ಯವಾಗಿದ್ದ ವಿಎಂಗಳೆಲ್ಲ ಧಡಕ್ಕನೆ ಆಫ್ ಆಗುತ್ತವೆ. ಆಡಳಿತದ ಕೆಲಸಕ್ಕೆ ಮಾತ್ರ ಇದ್ದ ಒಂದು ಕೇಬಲ್, ಉತ್ಪಾದನೆಯ ಡೇಟಾಬೇಸನ್ನು ಬೀಳಿಸಿತು. ಹಳದಿ ತ್ರಿಕೋನ ಹೇಳಲು ಬಂದಿದ್ದು ಇದನ್ನೇ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ವಿಎಂಗಳನ್ನು ಮುಟ್ಟುವುದಿಲ್ಲ, ನಿಜ. ನಿಮ್ಮ ಕ್ಲಸ್ಟರ್‌ನಲ್ಲಿ ಡಿಫಾಲ್ಟ್ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ನಿಮ್ಮ ಮೊದಲು ಅಲ್ಲಿದ್ದವರು ಏನು ಬದಲಿಸಿ ಹೋಗಿದ್ದಾರೋ ಯಾರಿಗೆ ಗೊತ್ತು.

ಹಾಗೆಯೇ, ನಿಮ್ಮ ಗೇಟ್‌ವೇ ಫೈರ್‌ವಾಲ್ ಆಗಿದ್ದು ಪಿಂಗ್‌ಗೆ ಉತ್ತರ ಕೊಡದಿದ್ದರೆ, ಐಸೊಲೇಶನ್ ವಿಳಾಸ ಬೇರೆ ಕೊಡಿ. ವಿಸ್ಯಾನ್ (ಹೋಸ್ಟ್‌ಗಳ ಡಿಸ್ಕ್‌ಗಳನ್ನೇ ಕೂಡಿಸಿ ಮಾಡುವ ಸ್ಟೋರೇಜ್) ಇರುವ ಕಡೆ ಎಚ್‌ಎ ಹಾರ್ಟ್‌ಬೀಟ್ ವಿಸ್ಯಾನ್ ನೆಟ್‌ವರ್ಕ್ ಮೇಲೆ ಹೋಗುತ್ತದೆ. ಅಲ್ಲಿ ಐಸೊಲೇಶನ್ ವಿಳಾಸವೂ ಅದೇ ನೆಟ್‌ವರ್ಕಿನದ್ದಾಗಿರಬೇಕು.

ಎಚ್ಚರಿಕೆ ಹೋಗಲಾಡಿಸಲು ಏನು ಮಾಡಬೇಕು? ಮ್ಯಾನೇಜ್‌ಮೆಂಟ್ ಇರುವ ವಿಸ್ವಿಚ್‌ಗೆ (ಹೋಸ್ಟ್ ಒಳಗಿನ ವರ್ಚುವಲ್ ಸ್ವಿಚ್‌ಗೆ) ಎರಡನೇ ವಿಎಂನಿಕ್, ಅಂದರೆ ಹೋಸ್ಟ್‌ನ ನಿಜವಾದ ನೆಟ್‌ವರ್ಕ್ ಪೋರ್ಟ್ (ನಿಕ್), ಸೇರಿಸಿ, ಆಕ್ಟಿವ್ ಅಥವಾ ಸ್ಟ್ಯಾಂಡ್‌ಬೈ ಆಗಿ. ಅಥವಾ ಬೇರೆ ವಿಸ್ವಿಚ್‌ನಲ್ಲಿ ಎರಡನೇ ವಿಎಂಕರ್ನಲ್ ಪೋರ್ಟ್ (ಹೋಸ್ಟ್ ತನ್ನ ಸ್ವಂತ ಕೆಲಸಕ್ಕೆ ಬಳಸುವ ವರ್ಚುವಲ್ ಪೋರ್ಟ್) ಮಾಡಿ ಅದರಲ್ಲೂ ಮ್ಯಾನೇಜ್‌ಮೆಂಟ್ ಟಿಕ್ ಹಾಕಿ. ಇಷ್ಟೇ. ಆದರೆ ಇಲ್ಲಿ ಜನ ಎಡವುವುದು ಎರಡು ಕಡೆ.

ವಿಸ್ವಿಚ್ ಮಟ್ಟದಲ್ಲಿ ಎರಡು ನಿಕ್ ಕಾಣುತ್ತವೆ, ಆದರೂ ತ್ರಿಕೋನ ಹೋಗುವುದಿಲ್ಲ. ಆಗ ಮ್ಯಾನೇಜ್‌ಮೆಂಟ್ ಪೋರ್ಟ್ ಗ್ರೂಪ್ (ವಿಸ್ವಿಚ್‌ನಲ್ಲಿ ಒಂದೇ ನಿಯಮ ಇರುವ ಪೋರ್ಟ್‌ಗಳ ಗುಂಪು) ತೆರೆದು ಟೀಮಿಂಗ್, ಅಂದರೆ ಯಾವ ನಿಕ್ ಹೇಗೆ ಬಳಸಬೇಕು ಅನ್ನುವ, ಪುಟ ನೋಡಿ. ಅಲ್ಲಿ ‘ಓವರ್‌ರೈಡ್’ ಟಿಕ್ ಇರುತ್ತದೆ, ಎರಡನೇ ನಿಕ್ ‘ಅನ್‌ಯೂಸ್ಡ್’ ಪಟ್ಟಿಯಲ್ಲಿ ಕೂತಿರುತ್ತದೆ. ವಿಸ್ವಿಚ್ ಏನೇ ಹೇಳಲಿ, ಪೋರ್ಟ್ ಗ್ರೂಪ್ ಹೇಳಿದ್ದೇ ನಡೆಯುವುದು. ಎರಡನೆಯದು ಇನ್ನೂ ಸರಳ. ಎಲ್ಲ ಸರಿಮಾಡಿದ ಮೇಲೂ ಎಚ್ಚರಿಕೆ ಹಾಗೇ ಉಳಿಯುತ್ತದೆ, ಯಾಕೆಂದರೆ ಎಚ್‌ಎ ಏಜೆಂಟ್ ತಾನಾಗಿ ಮತ್ತೆ ಎಣಿಸಿ ನೋಡಿಲ್ಲ. ಹೋಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರೀಕಾನ್ಫಿಗರ್ ಫಾರ್ ವಿಸ್ಫಿಯರ್ ಎಚ್‌ಎ’ ಒತ್ತಿ. ಇದನ್ನು ಮರೆತು ಕೇಬಲ್ ಮೇಲೆ ಕೇಬಲ್ ಬದಲಿಸುತ್ತ ಕೂತವರನ್ನು ನೋಡಿದ್ದೇನೆ.

ಮೂರನೇ ದಾರಿಯೂ ಇದೆ, ಇಲ್ಲಿ ಕೆಲವರು ಆಗಲೇ ನಗುತ್ತಿದ್ದಾರೆ. ಕ್ಲಸ್ಟರ್‌ನ ಅಡ್ವಾನ್ಸ್‌ಡ್ ಆಪ್ಷನ್‌ಗಳಲ್ಲಿ ‘ದಾಸ್ ಡಾಟ್ ಇಗ್ನೋರ್ ರಿಡಂಡೆಂಟ್ ನೆಟ್ ವಾರ್ನಿಂಗ್’ ಅನ್ನೋದನ್ನು ‘ಟ್ರೂ’ ಮಾಡುವುದು. ಮನೆಯ ಲ್ಯಾಬ್‌ಗೆ, ಒಂದೇ ಪೋರ್ಟ್ ಇರುವ ಪುಟ್ಟ ಯಂತ್ರಕ್ಕೆ ಅದು ಸರಿ. ಉತ್ಪಾದನೆಯಲ್ಲಿ ಅದನ್ನು ಹಾಕಿದರೆ ನೀವು ಸುಮ್ನೆ ಬಾಯಿ ಮುಚ್ಚಿಸಿದಿರಿ ಅಷ್ಟೇ. ಆ ಸೆಟ್ಟಿಂಗ್ ಇಡೀ ಕ್ಲಸ್ಟರ್‌ಗೆ ಅನ್ವಯ ಅನ್ನುವುದು ಇನ್ನೂ ಕೆಟ್ಟದ್ದು. ಒಂದು ಹೋಸ್ಟ್‌ನ ಕಿರಿಕಿರಿಗೆ ಹಾಕಿದ್ದು, ಮುಂದೆ ಸೇರುವ ಎಲ್ಲ ಹೋಸ್ಟ್‌ಗಳ ಎಚ್ಚರಿಕೆಯನ್ನೂ ನುಂಗುತ್ತದೆ.

ಇನ್ನು ‘ಇತ್ತು, ಈಗ ಹೋಯಿತು’ ಅನ್ನುವ ಬಗೆ. ಇದರಲ್ಲಿ ಮೂರು ಮಟ್ಟ ಇವೆ. ಡಿಗ್ರೇಡೆಡ್ ಅಂದರೆ ಒಂದು ನಿಕ್ ಬಿದ್ದಿದೆ, ಉಳಿದದ್ದು ಇನ್ನೂ ಒಂದಕ್ಕಿಂತ ಜಾಸ್ತಿ. ರಿಡಂಡೆನ್ಸಿ ಲಾಸ್ಟ್ ಅಂದರೆ ಒಂದೇ ಉಳಿದಿದೆ. ಕನೆಕ್ಟಿವಿಟಿ ಲಾಸ್ಟ್ ಅಂದರೆ ಯಾವುದೂ ಇಲ್ಲ, ಅಷ್ಟು ಹೊತ್ತಿಗೆ ನಿಮ್ಮ ಫೋನ್ ಆಗಲೇ ಬಡಿದುಕೊಳ್ಳುತ್ತಿರುತ್ತದೆ.

ಮೊದಲು ನೋಡಬೇಕಾದ್ದು ಹೋಸ್ಟ್‌ನ ವಾರ್ ಲಾಗ್ ಫೋಲ್ಡರ್‌ನಲ್ಲಿರುವ ವಿಒಬಿಡಿ ಲಾಗ್. ಯಾವ ವಿಸ್ವಿಚ್, ಯಾವ ವಿಎಂನಿಕ್ ಬಿತ್ತು, ಯಾವ ಪೋರ್ಟ್ ಗ್ರೂಪ್‌ಗಳಿಗೆ ತೊಂದರೆ, ಎಲ್ಲ ಒಂದೇ ಸಾಲಿನಲ್ಲಿ ಇರುತ್ತದೆ. ಸಮಯ ಓದುವಾಗ ಹುಷಾರು. ಇಎಸ್‌ಎಕ್ಸ್‌ಐ (ಹೋಸ್ಟ್ ಮೇಲೆ ಓಡುವ ವಿಎಂವೇರ್ ತಂತ್ರಾಂಶ) ಲಾಗ್‌ಗಳು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇರುತ್ತವೆ. ಐದೂವರೆ ಗಂಟೆ ಕೂಡಿಸಬೇಕು. ಲಾಗ್‌ನಲ್ಲಿ 20:30 ಅಂತಿದ್ದರೆ ಅದು ನಮ್ಮ ರಾತ್ರಿ 2 ಗಂಟೆ, ತಾರೀಕೂ ಮರುದಿನದ್ದು. ಸ್ವಿಚ್ ಲಾಗ್ ಭಾರತೀಯ ಸಮಯದಲ್ಲಿ, ಹೋಸ್ಟ್ ಲಾಗ್ ಯುಟಿಸಿಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ‘ಆ ಹೊತ್ತಿಗೆ ನಮ್ಮ ಸ್ವಿಚ್‌ನಲ್ಲಿ ಏನೂ ಆಗಿಲ್ಲ’ ಅಂತ ನೆಟ್‌ವರ್ಕ್ ತಂಡ, ‘ನಮ್ಮ ಹೋಸ್ಟ್‌ನದ್ದೂ ತಪ್ಪಿಲ್ಲ’ ಅಂತ ಸರ್ವರ್ ತಂಡ ವಾದ ಮಾಡುವುದು ನಮ್ಮ ಕಡೆ ಬಹಳ ಸಾಮಾನ್ಯ.

ಆ ಲಾಗ್‌ನಲ್ಲಿ ಒಂದೇ ಸಲ ಬಿದ್ದು ಮತ್ತೆ ಏಳದಿದ್ದರೆ ಒಂದು ಬಗೆಯ ತನಿಖೆ. ಯಾರಾದರೂ ರ‍್ಯಾಕ್ ಹಿಂದೆ ಕೈ ಹಾಕಿದರಾ, ಸ್ವಿಚ್ ಪೋರ್ಟ್ ಶಟ್ ಮಾಡಿದರಾ, ಸ್ವಿಚ್ ರೀಬೂಟ್ ಆಯಿತಾ. ಲಾಸ್ಟ್, ರೀಸ್ಟೋರ್ಡ್, ಲಾಸ್ಟ್, ರೀಸ್ಟೋರ್ಡ್ ಅಂತ ಜೋಡಿ ಜೋಡಿಯಾಗಿ ಬರುತ್ತಿದ್ದರೆ ಬೇರೆ ಬಗೆ. ಅದು ಲಿಂಕ್ ಫ್ಲ್ಯಾಪ್. ಕಾರಣ ಪ್ಯಾಚ್ ಕಾರ್ಡ್ (ಸ್ವಿಚ್‌ಗೆ ಸಿಕ್ಕಿಸುವ ಕೇಬಲ್), ಎಸ್‌ಎಫ್‌ಪಿ ಮಾಡ್ಯೂಲ್ (ಕೇಬಲನ್ನು ಪೋರ್ಟ್‌ಗೆ ಸೇರಿಸುವ ಪುಟ್ಟ ಸಾಧನ), ಅಥವಾ ನಿಕ್‌ನ ಡ್ರೈವರ್ ಮತ್ತು ಫರ್ಮ್‌ವೇರ್ ಒಂದಕ್ಕೊಂದು ಹೊಂದದಿರುವುದು. ಹೋಸ್ಟ್ ಅಪ್‌ಗ್ರೇಡ್ ಮಾಡಿದಾಗ ಡ್ರೈವರ್ ಹೊಸದಾಗುತ್ತದೆ, ಕಾರ್ಡಿನ ಫರ್ಮ್‌ವೇರ್ ಹಳೆಯದೇ ಉಳಿಯುತ್ತದೆ. ಹೊಂದಾಣಿಕೆ ಪಟ್ಟಿಯಲ್ಲಿ ಡ್ರೈವರ್ ಆವೃತ್ತಿಯ ಪಕ್ಕ ಫರ್ಮ್‌ವೇರ್ ಆವೃತ್ತಿಯನ್ನೂ ಕೊಟ್ಟಿರುವುದು ಸುಮ್ಮನೆ ಅಲ್ಲ.

ಕಮ್ಯಾಂಡ್ ಸಾಲಿನಲ್ಲಿ ‘ಇಎಸ್‌ಎಕ್ಸ್‌ಸಿಎಲ್‌ಐ ನೆಟ್‌ವರ್ಕ್ ನಿಕ್ ಲಿಸ್ಟ್’ ಕೊಡಿ. ಅಡ್ಮಿನ್ ಸ್ಟೇಟಸ್, ಲಿಂಕ್ ಸ್ಟೇಟಸ್ ಬೇರೆ ಬೇರೆ ಕಾಲಂ. ಅಡ್ಮಿನ್ ಡೌನ್ ಇದ್ದರೆ ನಮ್ಮವರೇ ಯಾರೋ ಆಫ್ ಮಾಡಿದ್ದಾರೆ. ಅಡ್ಮಿನ್ ಅಪ್, ಲಿಂಕ್ ಡೌನ್ ಅಂದರೆ ಕೇಬಲ್ ಹಿಡಿದು ಆಚೆ ತುದಿಗೆ ಹೋಗಬೇಕು. ‘ನಿಕ್ ಸ್ಟ್ಯಾಟ್ಸ್ ಗೆಟ್’ ಕೊಟ್ಟು ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟುಬಂದ ಪ್ಯಾಕೆಟ್‌ಗಳ) ಎಣಿಕೆ ಏರುತ್ತಿದೆಯಾ ನೋಡಿ. ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಮಾತು. ಕಾರಣ ಸರಿಹೋದ ಮೇಲೂ ಅಲಾರಂ ಕೆಲವೊಮ್ಮೆ ಅಲ್ಲೇ ಅಂಟಿಕೊಂಡಿರುತ್ತದೆ. ಆಗ ‘ರೀಸೆಟ್ ಟು ಗ್ರೀನ್’ ಮಾಡಿ. ಆದರೆ ಲಾಗ್‌ನಲ್ಲಿ ರೀಸ್ಟೋರ್ಡ್ ಅನ್ನುವ ಸಾಲು ಕಂಡ ಮೇಲೆ ಮಾತ್ರ.

ಇಲ್ಲಿಯವರೆಗೆ ಹೇಳಿದ್ದು ಎಚ್ಚರಿಕೆ ಬಂದಾಗಿನ ಮಾತು. ನಾನು ಇವತ್ತು ನಿಜಕ್ಕೂ ಮಾತಾಡಬೇಕು ಅಂದುಕೊಂಡಿದ್ದು ಎಚ್ಚರಿಕೆ ಬಾರದ ಹೋಸ್ಟ್‌ಗಳ ಬಗ್ಗೆ. ಯಾಕೆಂದರೆ ಈ ತ್ರಿಕೋನ ಮಾಡುವ ಕೆಲಸ ಎಣಿಕೆ ಮಾತ್ರ. ಎರಡು ನಿಕ್ ಇವೆಯಾ, ಎರಡರಲ್ಲೂ ಲಿಂಕ್ ಇದೆಯಾ. ಇದ್ದರೆ ಹಸಿರು. ಆ ಕೇಬಲ್‌ಗಳು ಎಲ್ಲಿಗೆ ಹೋಗುತ್ತವೆ ಅಂತ ಅದಕ್ಕೆ ಗೊತ್ತಿಲ್ಲ. ಊರಿಗೆ ಎರಡು ರಸ್ತೆ ಇದ್ದು, ಎರಡೂ ಒಂದೇ ಸೇತುವೆ ದಾಟಿದರೆ ಮಳೆಗಾಲದಲ್ಲಿ ಏನು ಪ್ರಯೋಜನ, ಅಲ್ವಾ?

ಆ ಸೇತುವೆ ಎಲ್ಲೆಲ್ಲಿ ಇರುತ್ತದೆ ನೋಡಿ. ನಿಕ್ ಲಿಸ್ಟ್‌ನಲ್ಲಿ ಪಿಸಿಐ ವಿಳಾಸದ ಕಾಲಂ ಇದೆ. ಎರಡು ವಿಎಂನಿಕ್‌ಗಳ ವಿಳಾಸ ಕೊನೆಯ ಅಂಕಿಯಲ್ಲಿ ಮಾತ್ರ ಬೇರೆ, ಒಂದು ಸೊನ್ನೆ ಇನ್ನೊಂದು ಒಂದು ಅಂದರೆ, ಎರಡೂ ಒಂದೇ ಕಾರ್ಡಿನ ಎರಡು ಪೋರ್ಟ್. ಕಾರ್ಡ್ ಸತ್ತರೆ ಎರಡೂ ಸತ್ತವು. ಮದರ್‌ಬೋರ್ಡ್ ಮೇಲಿನ ಪೋರ್ಟ್ ಒಂದು, ಹೊರಗಿನ ಕಾರ್ಡಿನ ಪೋರ್ಟ್ ಒಂದು ತೆಗೆದುಕೊಳ್ಳಿ. ಆಮೇಲೆ ಸ್ವಿಚ್. ಎರಡೂ ಒಂದೇ ಸ್ವಿಚ್‌ಗೆ ಹೋಗಿವೆಯಾ ಅಂತ ತಿಳಿಯಲು ರ‍್ಯಾಕ್ ಹಿಂದೆ ನುಸುಳಬೇಕಿಲ್ಲ. ಫಿಸಿಕಲ್ ಅಡಾಪ್ಟರ್ ಪುಟದಲ್ಲಿ ಸಿಡಿಪಿ ಮಾಹಿತಿ (ಸ್ವಿಚ್ ತನ್ನ ಬಗ್ಗೆ ತಾನೇ ಕಳಿಸುವ ಪರಿಚಯ) ಸಿಗುತ್ತದೆ, ಸ್ವಿಚ್ ಹೆಸರು ಮತ್ತು ಪೋರ್ಟ್ ಸಮೇತ. ಅದೇ ಕೆಲಸ ಮಾಡುವ ಎಲ್‌ಎಲ್‌ಡಿಪಿ ಬೇಕಿದ್ದರೆ ಡಿಸ್ಟ್ರಿಬ್ಯೂಟೆಡ್ ಸ್ವಿಚ್ (ಹಲವು ಹೋಸ್ಟ್‌ಗಳಿಗೆ ಸೇರಿ ಒಂದೇ ಆದ ವಿಸ್ವಿಚ್) ಬೇಕು. ಸ್ವಿಚ್‌ಗಳು ಎರಡು ಬೇರೆ ಇದ್ದರೂ ಅವುಗಳ ಪ್ಲಗ್ ಹಿಡಿದು ನೋಡಿ. ಸಣ್ಣ ಕಚೇರಿಗಳಲ್ಲಿ ಎರಡೂ ಒಂದೇ ಯುಪಿಎಸ್‌ಗೆ, ಒಂದೇ ಪವರ್ ಸ್ಟ್ರಿಪ್‌ಗೆ ಸಿಕ್ಕಿಸಿರುವುದು ನಾನು ಮತ್ತೆ ಮತ್ತೆ ಕಂಡಿದ್ದು.

ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದ್ದು ವಿಎಲ್‌ಎಎನ್, ಅಂದರೆ ಒಂದೇ ಕೇಬಲ್ ಮೇಲೆ ಸಂಖ್ಯೆ ಕೊಟ್ಟು ಬೇರ್ಪಡಿಸಿದ ಜಾಲಗಳು. ಮೊದಲ ಸ್ವಿಚ್‌ನ ಟ್ರಂಕ್ ಪೋರ್ಟ್‌ನಲ್ಲಿ 10, 20, 30 ಮೂರು ವಿಎಲ್‌ಎಎನ್ ಬಿಟ್ಟಿದ್ದಾರೆ. ಎರಡನೆಯದರಲ್ಲಿ 30 ಮರೆತಿದ್ದಾರೆ. ಲಿಂಕ್ ಇದೆ, ಹಾಗಾಗಿ ಹಸಿರು. ಈಗ ಡಿಫಾಲ್ಟ್ ಟೀಮಿಂಗ್ ಪಾಲಿಸಿಯಲ್ಲಿ ವಿಎಂಗಳು ತಮ್ಮ ವರ್ಚುವಲ್ ಪೋರ್ಟ್ ಪ್ರಕಾರ ಎರಡು ನಿಕ್‌ಗಳಿಗೆ ಹಂಚಿಹೋಗುತ್ತವೆ. 30ರಲ್ಲಿರುವ ಕೆಲವು ವಿಎಂಗಳಿಗೆ ನೆಟ್‌ವರ್ಕ್ ಇದೆ, ಕೆಲವಕ್ಕೆ ಇಲ್ಲ. ವಿಮೋಶನ್ ಮಾಡಿದರೆ (ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟ್‌ಗೆ ಸಾಗಿಸಿದರೆ) ಸರಿಹೋಗುತ್ತದೆ, ಇನ್ನೊಮ್ಮೆ ಮಾಡಿದರೆ ಕೆಡುತ್ತದೆ. ವಿಎಂ ಒಳಗೆ ಕೂತು ಐಪಿ, ಫೈರ್‌ವಾಲ್, ಡಿಎನ್‌ಎಸ್ ಎಲ್ಲ ಜಾಲಾಡಿದರೂ ಉತ್ತರ ಸಿಗುವುದಿಲ್ಲ. ‘ಅರ್ಧ ವಿಎಂಗಳು ಮಾತ್ರ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಹೋಸ್ಟ್‌ನ ಇಎಸ್‌ಎಕ್ಸ್‌ಟಾಪ್ ಉಪಕರಣ ತೆರೆದು ‘ಎನ್’ ಒತ್ತುತ್ತೇನೆ. ಯಾವ ವಿಎಂ ಯಾವ ನಿಕ್ ಮೇಲೆ ಕೂತಿದೆ ಅಂತ ಅಲ್ಲಿ ಕಾಣುತ್ತದೆ. ಕೆಟ್ಟವೆಲ್ಲ ಒಂದೇ ನಿಕ್ ಮೇಲಿದ್ದರೆ ಕೆಲಸ ಮುಗಿದಂತೆ. ಮ್ಯಾನೇಜ್‌ಮೆಂಟ್‌ನ ಎರಡನೇ ನಿಕ್ ಸ್ಟ್ಯಾಂಡ್‌ಬೈ ಆಗಿದ್ದರಂತೂ ಈ ದೋಷ ವರ್ಷಗಟ್ಟಲೆ ಅಡಗಿ ಕೂರುತ್ತದೆ. ಮೊದಲ ಕೇಬಲ್ ಬಿದ್ದ ದಿನವೇ ಅದು ಹೊರಬರುವುದು.

ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ) ಕಥೆಯೂ ಇದೇ. ಒಂದು ಸ್ವಿಚ್‌ನಲ್ಲಿ ಜಂಬೊ ಫ್ರೇಮ್ (ದೊಡ್ಡ ಪ್ಯಾಕೆಟ್‌ಗೆ ಅವಕಾಶ) ಇದೆ, ಇನ್ನೊಂದರಲ್ಲಿ ಇಲ್ಲ. ಮಾಮೂಲಿ ಪಿಂಗ್ ಓಡುತ್ತದೆ, ಸ್ಟೋರೇಜ್ ಒದ್ದಾಡುತ್ತದೆ. ವಿಎಂಕೆ ಪಿಂಗ್‌ನಲ್ಲಿ ಒಡೆಯಬೇಡ ಅನ್ನುವ ‘ಡಿ’ ಆಯ್ಕೆ ಜೊತೆ 8972 ಗಾತ್ರ ಕೊಟ್ಟು ನೋಡಿ.

ಇನ್ನೊಂದು ಸಂಗತಿ. ನಿಮ್ಮ ಹೋಸ್ಟ್‌ನಿಂದ ಸ್ವಿಚ್‌ವರೆಗೆ ಲಿಂಕ್ ಇದೆ, ಆದರೆ ಆ ಸ್ವಿಚ್‌ನಿಂದ ಮೇಲಕ್ಕೆ ಹೋಗುವ ಲಿಂಕ್ ಬಿದ್ದಿದೆ. ಹೋಸ್ಟ್‌ಗೆ ಅದು ಗೊತ್ತಾಗುವುದೇ ಇಲ್ಲ. ತನ್ನ ಮುಂದಿನ ದೀಪ ಹಸಿರು ಅಂತ ಪ್ಯಾಕೆಟ್‌ಗಳನ್ನು ಆ ಕತ್ತಲೆಗೆ ಸುರಿಯುತ್ತಲೇ ಇರುತ್ತದೆ. ಇದಕ್ಕೆ ಬೀಕನ್ ಪ್ರೋಬಿಂಗ್ (ಒಂದು ನಿಕ್‌ನಿಂದ ಇನ್ನೊಂದಕ್ಕೆ ಪರೀಕ್ಷಾ ಪ್ಯಾಕೆಟ್ ಕಳಿಸಿ ನೋಡುವುದು) ಇದೆ ಅಂತ ಕೆಲವರು ತಕ್ಷಣ ಆನ್ ಮಾಡುತ್ತಾರೆ. ಎರಡೇ ನಿಕ್ ಇದ್ದರೆ ಅದು ಕೆಲಸಕ್ಕೆ ಬಾರದು. ಬೀಕನ್ ಆಚೆ ತಲುಪಲಿಲ್ಲ ಅಂದರೆ ಕೆಟ್ಟದ್ದು ಯಾವುದು ಅಂತ ಹೇಳಲು ಮೂರನೆಯವರು ಬೇಕಲ್ಲ. ಇಲ್ಲದಿದ್ದರೆ ಅದು ಎಲ್ಲ ನಿಕ್‌ಗಳ ಮೇಲೂ ಕಳಿಸಲು ಶುರು ಮಾಡುತ್ತದೆ. ಐಪಿ ವಿಳಾಸ ನೋಡಿ ನಿಕ್ ಆರಿಸುವ ಐಪಿ ಹ್ಯಾಶ್ ಪಾಲಿಸಿ ಜೊತೆಗಂತೂ ಬೀಕನ್ ಬೇಡವೇ ಬೇಡ. ನನ್ನ ಮತ ಕೇಳಿದರೆ, ಈ ಸಮಸ್ಯೆಯನ್ನು ಸ್ವಿಚ್ ಕಡೆಯಿಂದಲೇ ಬಗೆಹರಿಸಿ. ಲಿಂಕ್ ಸ್ಟೇಟ್ ಟ್ರ್ಯಾಕಿಂಗ್ ಇರುವ ಸ್ವಿಚ್‌ನಲ್ಲಿ, ಮೇಲಿನ ಲಿಂಕ್ ಬಿದ್ದರೆ ಕೆಳಗಿನ ಪೋರ್ಟ್‌ಗಳನ್ನೂ ಸ್ವಿಚ್ ಬೀಳಿಸುತ್ತದೆ. ಆಗ ಹೋಸ್ಟ್‌ಗೆ ಸಹಜವಾಗಿ ಗೊತ್ತಾಗುತ್ತದೆ.

ಪ್ಯಾಕೆಟ್‌ಗಳು ಸ್ವಿಚ್‌ಗಳ ನಡುವೆ ಸುತ್ತುತ್ತಲೇ ಇರದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಬಗ್ಗೆ ಒಂದೆರಡು ಮಾತು. ವಿಸ್ವಿಚ್ ಸ್ಪ್ಯಾನಿಂಗ್ ಟ್ರೀಯಲ್ಲಿ ಭಾಗವಹಿಸುವುದಿಲ್ಲ. ಬಿದ್ದ ಪೋರ್ಟ್ ಮತ್ತೆ ಎದ್ದಾಗ, ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಲಿಸನಿಂಗ್ 15 ಸೆಕೆಂಡ್, ಲರ್ನಿಂಗ್ 15 ಸೆಕೆಂಡ್ ಕಳೆಯಬೇಕು. ಲಿಂಕ್ ಬಂತು ಅಂತ ಹೋಸ್ಟ್ ಟ್ರಾಫಿಕ್ಕನ್ನು ಅಲ್ಲಿಗೆ ತಿರುಗಿಸುತ್ತದೆ, ಪೋರ್ಟ್ ಇನ್ನೂ ಬಾಗಿಲು ತೆಗೆದಿಲ್ಲ. ಕೇಬಲ್ ಬಿದ್ದಾಗ ಏನೂ ಆಗದೆ, ಸರಿಹೋದಾಗ ಅರ್ಧ ನಿಮಿಷ ನೆಟ್‌ವರ್ಕ್ ಹೋಗುವ ವಿಚಿತ್ರ ಇದೇ. ಹೋಸ್ಟ್‌ಗೆ ಹೋಗುವ ಟ್ರಂಕ್ ಪೋರ್ಟ್‌ಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ.

ಪೋರ್ಟ್‌ಫಾಸ್ಟ್ ಹಾಕಿದ ಮೇಲೆ ನೆಟ್‌ವರ್ಕ್ ತಂಡದವರು ಬಿಪಿಡಿಯು ಗಾರ್ಡ್ (ಸ್ಪ್ಯಾನಿಂಗ್ ಟ್ರೀ ಸಂದೇಶವಾದ ಬಿಪಿಡಿಯು ಬಂದ ಪೋರ್ಟನ್ನು ಮುಚ್ಚುವ ಕಾವಲು) ಕೂಡ ಹಾಕುತ್ತಾರೆ. ಅದು ಸರಿಯಾದ ಅಭ್ಯಾಸವೇ. ಆದರೆ ಇಲ್ಲೊಂದು ಬಲೆ ಇದೆ. ಒಂದು ವಿಎಂ ಒಳಗೆ ಯಾರೋ ಎರಡು ಕಾರ್ಡ್‌ಗಳನ್ನು ಬ್ರಿಡ್ಜ್ ಮಾಡಿದರು ಅನ್ನಿ. ಆ ವಿಎಂ ಬಿಪಿಡಿಯು ಕಳಿಸುತ್ತದೆ. ಸ್ವಿಚ್ ಅದನ್ನು ಕಂಡು ಪೋರ್ಟನ್ನು ಎರರ್ ಡಿಸೇಬಲ್ ಮಾಡುತ್ತದೆ. ಹೋಸ್ಟ್ ತನ್ನ ಕರ್ತವ್ಯದಂತೆ ಆ ವಿಎಂ ಅನ್ನು ಎರಡನೇ ನಿಕ್‌ಗೆ ಸಾಗಿಸುತ್ತದೆ. ಅಲ್ಲೂ ಬಿಪಿಡಿಯು, ಅಲ್ಲೂ ಪೋರ್ಟ್ ಬಂದ್. ಈಗ ಹೋಸ್ಟ್ ಪೂರ್ತಿ ಕಡಿದುಹೋಯಿತು. ಎಚ್‌ಎ ಆ ವಿಎಂ ಅನ್ನು ಪಕ್ಕದ ಹೋಸ್ಟ್‌ನಲ್ಲಿ ಶುರು ಮಾಡಿತು ಅಂದರೆ, ಅಲ್ಲೂ ಇದೇ ಆಟ. ರಿಡಂಡೆನ್ಸಿಯೇ ರೋಗವನ್ನು ಹೊತ್ತು ತಿರುಗಿತು. ಇದಕ್ಕೆಂದೇ ಇಎಸ್‌ಎಕ್ಸ್‌ಐ 5.1ರಲ್ಲಿ ‘ನೆಟ್ ಡಾಟ್ ಬ್ಲಾಕ್ ಗೆಸ್ಟ್ ಬಿಪಿಡಿಯು’ ಅನ್ನುವ ಸೆಟ್ಟಿಂಗ್ ಬಂತು. ಅದನ್ನು 1 ಮಾಡಿದರೆ ವಿಎಂ ಕಳಿಸುವ ಬಿಪಿಡಿಯು ಹೊರಗೆ ಹೋಗುವುದಿಲ್ಲ. ಒಂದೇ ಹೋಸ್ಟ್‌ನ ಎರಡು ಲಿಂಕ್ ಹಿಂದೆ ಹಿಂದೆಯೇ ಬಿದ್ದರೆ ಕೇಬಲ್ ದೂರುವ ಮೊದಲು ಸ್ವಿಚ್‌ನಲ್ಲಿ ಎರರ್ ಡಿಸೇಬಲ್ ಇದೆಯಾ ಅಂತ ಕೇಳಿ.

ಹಾಗಾದರೆ ಎರಡನೇ ದಾರಿ ನಿಜಕ್ಕೂ ಇದೆ ಅಂತ ಹೇಗೆ ತಿಳಿಯುವುದು? ಮೊದಲನೆಯದನ್ನು ಕೀಳಬೇಕು. ಬೇರೆ ಉಪಾಯ ಇಲ್ಲ. ಹೋಸ್ಟ್ ಉತ್ಪಾದನೆಗೆ ಹೋಗುವ ಮೊದಲು ಮಾಡಿ, ಅಥವಾ ಕೆಲಸದ ವಿಎಂಗಳನ್ನೆಲ್ಲ ಬೇರೆ ಹೋಸ್ಟ್‌ಗೆ ಸಾಗಿಸಿ ಮಾಡಿ. ಪ್ರತಿ ವಿಎಲ್‌ಎಎನ್‌ನಲ್ಲಿ ಒಂದೊಂದು ಪರೀಕ್ಷಾ ವಿಎಂ ಇಡಿ, ಗೇಟ್‌ವೇಗೆ ಪಿಂಗ್ ಓಡಿಸಿ. ಮೊದಲ ಕೇಬಲ್ ಕೀಳಿ, ಕಾಯಿರಿ, ಹಾಕಿ, ಮತ್ತೆ ಕಾಯಿರಿ. ಆಮೇಲೆ ಎರಡನೆಯದು. ಹಾಕಿದ ಮೇಲೆ ಕಾಯುವುದನ್ನು ಬಿಡಬೇಡಿ. ಫೇಲ್‌ಬ್ಯಾಕ್ (ಮೊದಲ ದಾರಿಗೆ ಮರಳುವಾಗಿನ) ತೊಂದರೆ ಕಾಣುವುದು ಆ ಹೊತ್ತಿನಲ್ಲೇ. ಡೇಟಾ ಸೆಂಟರ್ ಊರಾಚೆ ಇದ್ದರೆ ಸ್ವಿಚ್ ಪೋರ್ಟ್ ಶಟ್ ಮಾಡಿಸಿ. ಹೋಸ್ಟ್‌ನಿಂದಲೇ ನಿಕ್ ಡೌನ್ ಮಾಡುವುದಾದರೆ ಅದೇ ನೆಟ್‌ವರ್ಕ್ ಮೇಲೆ ಬರುವ ಎಸ್‌ಎಸ್‌ಎಚ್‌ನಿಂದ ಮಾಡಬೇಡಿ, ಸರ್ವರ್‌ನ ರಿಮೋಟ್ ಕನ್ಸೋಲ್‌ನಿಂದ ಮಾಡಿ. ಕೂತ ಕೊಂಬೆಯನ್ನೇ ಕಡಿದ ಹಾಗಾಗುವುದು ಬೇಡ.

ಕೀಳಲು ಅನುಮತಿಯೇ ಸಿಗದಿದ್ದರೆ, ಕಡಿಮೆ ಪಕ್ಷ ಪ್ರತಿ ಅಡಾಪ್ಟರ್‌ನ ‘ಅಬ್ಸರ್ವ್ಡ್ ಐಪಿ ರೇಂಜಸ್’ (ಆ ನಿಕ್ ಮೇಲೆ ಕಂಡ ಜಾಲಗಳ ಪಟ್ಟಿ) ಹೋಲಿಸಿ. ಒಂದರಲ್ಲಿ ಮೂರು ವಿಎಲ್‌ಎಎನ್ ಕಂಡು ಇನ್ನೊಂದರಲ್ಲಿ ಎರಡೇ ಕಂಡರೆ ಅನುಮಾನಕ್ಕೆ ಅಷ್ಟು ಸಾಕು. ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಇದ್ದರೆ ಅದರ ಹೆಲ್ತ್ ಚೆಕ್ ವಿಎಲ್‌ಎಎನ್, ಎಂಟಿಯು ಎರಡನ್ನೂ ಪರೀಕ್ಷಿಸುತ್ತದೆ. ನೋಡಿ ಆದ ಮೇಲೆ ಆಫ್ ಮಾಡಿ. ಅದು ತನ್ನ ಪರೀಕ್ಷೆಗೆ ಬಹಳಷ್ಟು ಮ್ಯಾಕ್ ವಿಳಾಸ ಹುಟ್ಟಿಸುತ್ತದೆ, ಸ್ವಿಚ್‌ಗೆ ಸುಮ್ನೆ ಹೊರೆ.

ಕೊನೆಗೆ ಕೇಳಿದ ಪ್ರಶ್ನೆಗಳು.

‘ಸರ್, ನಮ್ಮಲ್ಲಿ ಐಸ್ಕಸಿ (ನೆಟ್‌ವರ್ಕ್ ಮೇಲಿನ ಸ್ಟೋರೇಜ್) ಪೋರ್ಟ್ ಗ್ರೂಪ್‌ಗಳಿಗೆ ಒಂದೊಂದೇ ಆಕ್ಟಿವ್ ನಿಕ್ ಇದೆ. ಎರಡನೆಯದು ಸೇರಿಸಲಾ?’ ಬೇಡಮ್ಮ. ಪೋರ್ಟ್ ಬೈಂಡಿಂಗ್ (ವಿಎಂಕರ್ನಲ್ ಪೋರ್ಟನ್ನು ಐಸ್ಕಸಿಗೆ ಕಟ್ಟಿಹಾಕುವುದು) ಬಳಸಿದಾಗ ಅಲ್ಲಿ ಒಂದೇ ಆಕ್ಟಿವ್ ನಿಕ್ ಇರಬೇಕು, ಉಳಿದದ್ದು ಅನ್‌ಯೂಸ್ಡ್. ಸ್ಟ್ಯಾಂಡ್‌ಬೈ ಕೂಡ ಅಲ್ಲ. ಅಲ್ಲಿ ರಿಡಂಡೆನ್ಸಿ ಕೊಡುವುದು ಸ್ಟೋರೇಜ್‌ಗೆ ಹಲವು ದಾರಿ ಇಡುವ ಮಲ್ಟಿಪಾತಿಂಗ್, ಟೀಮಿಂಗ್ ಅಲ್ಲ. ಎರಡನೆಯದು ಸೇರಿಸಿದರೆ ಬೈಂಡಿಂಗ್ ನಿಯಮಕ್ಕೆ ಹೊಂದುವುದಿಲ್ಲ. ಬದಲಿಗೆ ಸ್ಟೋರೇಜ್ ಕಡೆ ಪಾತ್‌ಗಳ ಎಣಿಕೆ ನೋಡಿ.

‘ಎರಡು ಕೇಬಲ್ ಸೇರಿಸಿ ಎಲ್‌ಎಸಿಪಿ ಮಾಡಿದರೆ ಒಳ್ಳೆಯದಲ್ವಾ?’ ಸ್ಟ್ಯಾಂಡರ್ಡ್ ವಿಸ್ವಿಚ್‌ಗೆ ಎಲ್‌ಎಸಿಪಿ (ಎರಡೂ ತುದಿ ಮಾತಾಡಿಕೊಂಡು ಹಲವು ಕೇಬಲ್‌ಗಳನ್ನು ಒಂದು ಮಾಡುವ ಪದ್ಧತಿ) ಬರುವುದೇ ಇಲ್ಲ. ಅದು ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ನಲ್ಲಿ ಮಾತ್ರ. ಸ್ಟ್ಯಾಂಡರ್ಡ್‌ನಲ್ಲಿ ಐಪಿ ಹ್ಯಾಶ್ ಹಾಕಿದರೆ ಸ್ವಿಚ್ ಕಡೆ ಸ್ಟ್ಯಾಟಿಕ್ ಈಥರ್‌ಚಾನೆಲ್ (ಕೈಯಿಂದ ಒಂದುಗೂಡಿಸಿದ ಪೋರ್ಟ್‌ಗಳು) ಬೇಕು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇದ್ದರೆ ಹೋಸ್ಟ್ ಕೈಗೆ ಸಿಗುವುದಿಲ್ಲ. ಮ್ಯಾನೇಜ್‌ಮೆಂಟ್‌ಗೆ ಡಿಫಾಲ್ಟ್ ಪಾಲಿಸಿ ಸಾಕು. ಅದಕ್ಕೆ ಸ್ವಿಚ್ ಕಡೆ ಏನೂ ವಿಶೇಷ ಬೇಡ, ಕೆಡುವುದೂ ಕಡಿಮೆ.

‘ನಾವು ವಿಎಂವೇರ್ ಬಿಟ್ಟು ಪ್ರಾಕ್ಸ್‌ಮಾಕ್ಸ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಈ ಎಚ್ಚರಿಕೆ ಎಲ್ಲಿ ಬರುತ್ತದೆ?’ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕೊಂಡ ಮೇಲೆ ಈ ಪ್ರಶ್ನೆ ಜಾಸ್ತಿ ಆಗಿದೆ. ಅಲ್ಲಿ ಹಳದಿ ತ್ರಿಕೋನವನ್ನು ಕಾಯಬೇಡಿ. ಬಾಂಡ್‌ನ (ಒಂದಾಗಿ ಕಟ್ಟಿದ ನಿಕ್‌ಗಳ) ಒಂದು ಕಾಲು ಬಿದ್ದರೆ ಕರ್ನಲ್ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ. ಪ್ರಾಕ್ ಫೋಲ್ಡರ್‌ನಲ್ಲಿ ನೆಟ್, ಅದರೊಳಗೆ ಬಾಂಡಿಂಗ್, ಅಲ್ಲಿ ಬಾಂಡ್ 0 ಫೈಲ್ ತೆರೆದರೆ ಪ್ರತಿ ನಿಕ್‌ನ ಎಂಐಐ ಸ್ಟೇಟಸ್ (ಲಿಂಕ್ ಇದೆಯಾ ಇಲ್ಲವಾ), ಎಷ್ಟು ಸಲ ಬಿದ್ದಿದೆ ಅನ್ನುವ ಎಣಿಕೆ ಎರಡೂ ಇರುತ್ತವೆ. ಅದನ್ನು ನಿಮ್ಮ ಮಾನಿಟರಿಂಗ್‌ಗೆ ನೀವೇ ಸೇರಿಸಬೇಕು. ಕ್ಲಸ್ಟರ್‌ನ ಯಂತ್ರಗಳನ್ನು ಒಂದಕ್ಕೊಂದು ಸಂಪರ್ಕದಲ್ಲಿಡುವ ಕೊರೊಸಿಂಕ್‌ಗೆ ಬಾಂಡ್ ಒಂದನ್ನೇ ನಂಬಬೇಡಿ. ಬೇರೆ ನೆಟ್‌ವರ್ಕ್ ಮೇಲೆ ಎರಡನೇ ಲಿಂಕ್ ಕೊಡಿ, ‘ಕೊರೊಸಿಂಕ್ ಸಿಎಫ್‌ಜಿ ಟೂಲ್’ಗೆ ಎಸ್ ಆಯ್ಕೆ ಕೊಟ್ಟು ಎರಡೂ ಬದುಕಿವೆಯಾ ನೋಡಿ.

‘ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ?’ ವಿಂಡೋಸ್ ಫೇಲೋವರ್ ಕ್ಲಸ್ಟರ್‌ನ ವ್ಯಾಲಿಡೇಶನ್ ವರದಿಯಲ್ಲಿ, ಎರಡು ನೋಡ್‌ಗಳ ನಡುವೆ ಒಂದೇ ಜೋಡಿ ಇಂಟರ್‌ಫೇಸ್ ಇದೆ ಅಂತ ಎಚ್ಚರಿಕೆ ಬರುತ್ತದೆ. ಟೀಮಿಂಗ್ ಮಾಡಿದ್ದರೂ ಬರುತ್ತದೆ, ಯಾಕೆಂದರೆ ಕ್ಲಸ್ಟರ್‌ಗೆ ಟೀಮ್ ಒಂದೇ ಇಂಟರ್‌ಫೇಸ್ ಆಗಿ ಕಾಣುತ್ತದೆ. ಅಂದರೆ ಅಲ್ಲಿ ಎಚ್ಚರಿಕೆ ಇದ್ದೂ ಎರಡನೇ ದಾರಿ ಇರಬಹುದು. ಟೀಮ್‌ನ ಕೆಳಗಿರುವ ಎರಡು ನಿಕ್‌ಗಳು ಎರಡು ಸ್ವಿಚ್‌ಗೆ ಹೋಗಿವೆ ಅಂತ ನೀವು ಕೇಬಲ್ ಕಿತ್ತು ನೋಡಿದ್ದರೆ, ವರದಿಯ ಪಕ್ಕ ಅದನ್ನು ದಿನಾಂಕ ಸಮೇತ ಬರೆದಿಟ್ಟು ಮುಂದೆ ಹೋಗಿ.